ಲಗ್ನಪತ್ರಿಕೆಯ ತಲೆಗೆ ಯಾವ ಶ್ಲೋಕ?

ಹೆಂಡತಿ: ಏಳ್ರೀ ಅಂದ್ರೆ ಏಳ್ರೀ. ಇನ್ನೆಷ್ಟು ಹೊತ್ತು ಹೀಗೇ ಬಿದ್ದಿರ್ತೀರಿ?

ಗಂಡ: ಶ್ಲೋಕ ಮುಗೀಲಿ.

ಹೆಂಡತಿ: ನಾಲ್ಕು ಸಾಲಿನ ಶ್ಲೋಕ ಅದು. ಅಷ್ಟರಲ್ಲಿ ನಾನು ಪಾತ್ರೆ ತೊಳೆದು, ಬಟ್ಟೆ ಮಡಚಿ, ತಲೆ ಬಾಚ್ಕೊಂಡು ಬಂದೆ.

ಗಂಡ: ಅರ್ಥ ತಿಳ್ಕೊಂಡು ಹೇಳ್ತಿದ್ದೀನಿ. ಹೊತ್ತು ಹಿಡಿಯುತ್ತೆ.

ಹೆಂಡತಿ: ಇಷ್ಟು ವರ್ಷ ಅರ್ಥ ತಿಳೀದೇನೇ ಹೇಳ್ತಿದ್ರಾ?

ಆ ಮನೆಯ ದೇವರ ಗೂಡು ಮುಂಬಾಗಿಲ ಪಕ್ಕದ ಗೋಡೆಯಲ್ಲಿತ್ತು. ಅದಕ್ಕೆ ತಲೆ ಮಾಡಿ, ನಡುಮನೆಯ ನೆಲದ ಮೇಲೆ, ಕನ್ನಡಕದ ಅಂಗಡಿಯ ಯಜಮಾನರು ಎರಡೂ ಕೈ ಮುಂದೆ ಚಾಚಿ ಬೋರಲು ಮಲಗಿದ್ದರು. ಊರಿಗೆಲ್ಲ ದೃಷ್ಟಿ ಸರಿಮಾಡಿಕೊಟ್ಟ ಆ ಮಹಾನುಭಾವರ ಸ್ವಂತ ಕನ್ನಡಕ ಮೂಗಿನಿಂದ ಜಾರಿ ಸೋಫಾದ ಅಡಿ ಸೇರಿತ್ತು. ಹೆಂಡತಿ ಒರೆಸುವ ಬಟ್ಟೆ ಹಿಡಿದು, ಅವರ ಸುತ್ತಲಿನ ನೆಲವನ್ನಷ್ಟೇ ಒರೆಸಿ ಮುಗಿಸಿ, ಇನ್ನೇನು ಮಾಡಲೆಂದು ತೋಚದೆ ನಿಂತಿದ್ದಳು. ಪ್ರಿಂಟಿಂಗ್ ಪ್ರೆಸ್ಸಿನವರು ಬರುವ ಹೊತ್ತಾಗಿತ್ತು.

ಮಗಳು ಮತ್ತು ಪ್ರೆಸ್ಸಿನವರ ಮಗ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಎರಡು ಮನೆಯವರೂ ಒಪ್ಪಿದ್ದರು. ಲಗ್ನಪತ್ರಿಕೆಯ ತಲೆಗೆ ಯಾವ ಶ್ಲೋಕ ಹಾಕುವುದೆಂಬ ಮಾತು ಬರುವವರೆಗೂ ಎಲ್ಲವೂ ಎಣ್ಣೆ ಹಾಕಿದ ಬಾಗಿಲಿನ ಹಾಗೆ ಸಲೀಸಾಗಿತ್ತು. ಭಕ್ತಿಯ ದಾರಿಗಳನ್ನು ಹೊಗಳುವ ಹಳೆಯ ಸಂಸ್ಕೃತ ಸ್ತೋತ್ರವೊಂದು ಇಬ್ಬರು ಅಪ್ಪಂದಿರಿಗೂ ಬಾಯಿಪಾಠ. ಅದರಲ್ಲಿ ಒಂದೊಂದು ದಾರಿಗೆ ಒಂದೊಂದು ಶ್ಲೋಕ. ಪ್ರತಿ ಶ್ಲೋಕದ ಕೊನೆಗೂ ‘ಇದಕ್ಕಿಂತ ಮೇಲಾದದ್ದು ಇಲ್ಲ’ ಎಂಬ ತೀರ್ಪು. ತುಂಬಿದ ಮನೆಯ ತಂದೆ ಒಬ್ಬೊಬ್ಬ ಮಗನನ್ನೂ ಮೂಲೆಗೆ ಕರೆದು ‘ಎಲ್ಲರಿಗಿಂತ ನೀನೇ ಜಾಣ’ ಎಂದು ಬೆನ್ನು ತಟ್ಟಿದಂತೆ. ಯಜಮಾನರಿಗೆ ಸಾಷ್ಟಾಂಗ ನಮಸ್ಕಾರದ ಶ್ಲೋಕವೇ ಆಗಬೇಕು. ಪ್ರೆಸ್ಸಿನವರಿಗೆ ಕುಳಿತಲ್ಲೇ ಮನಸ್ಸಿನಲ್ಲಿ ಸ್ಮರಿಸುವುದನ್ನು ಹೊಗಳುವ ಶ್ಲೋಕವೇ ಆಗಬೇಕು. ಹೋದ ವಾರ ಮಾತಿಗೆ ಮಾತು ಬೆಳೆದು, ಪ್ರೆಸ್ಸಿನವರು ಕಾಫಿಯ ಲೋಟ ಮುಟ್ಟದೆ ಎದ್ದು ಹೋಗಿದ್ದರು. ಮಗಳು ಆ ದಿನ ಉಣ್ಣಲಿಲ್ಲ. ಆಮೇಲೂ ಉಂಡದ್ದು ಅಷ್ಟಕ್ಕಷ್ಟೇ.

ಅವರನ್ನು ಮತ್ತೆ ಮನೆಗೆ ಕರೆಸುವಷ್ಟರಲ್ಲಿ ಹೆಂಡತಿಗೆ ಸಾಕುಸಾಕಾಗಿತ್ತು. ಅವರೆದುರು ಒಂದೇ ಒಂದು ಶ್ಲೋಕ ಎತ್ತಕೂಡದೆಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಈಗ ನೋಡಿದರೆ ಹೀಗೆ.

ಹೆಂಡತಿ: ಗೊತ್ತಾಯ್ತು ನಿಮ್ಮ ಆಟ. ಬಾಯಲ್ಲಿ ಹೇಳಲ್ಲ ಅಂತ ಮಾತು ಕೊಟ್ರಿ, ಈಗ ಮೈಯಲ್ಲಿ ಹೇಳ್ತಿದ್ದೀರಿ.

ಗಂಡ: ಛೆ, ಹಾಗಲ್ಲ ಕಣೇ. ಅವನು ಬಂದ ಮೇಲೆ ಹೇಳೋ ಹಾಗಿಲ್ಲವಲ್ಲ, ಬರೋದಕ್ಕೆ ಮುಂಚೆ ಮುಗಿಸಿಬಿಡೋಣ ಅಂತ.

ಹೆಂಡತಿ: ಮುಗಿಸಿ ಮತ್ತೆ.

ಗಂಡ: ಮುಗಿದಿದೆ.

ಹೆಂಡತಿ: ಮುಗಿದ ಮೇಲೆ ಏಳೋದಕ್ಕೇನು? ಮಗಳಿಗಿಂತ ನಿಮ್ಮ ಹಟ ದೊಡ್ಡದಾ?

ಗಂಡ: ಹಟ ಅಲ್ಲ.

ಹೆಂಡತಿ: ಮತ್ತೇನು, ಭಕ್ತಿನಾ?

ಗಂಡ: ಬೀಳೋವಾಗ ಭಕ್ತಿನೇ ಇತ್ತು.

ಹೆಂಡತಿ: ಈಗ?

ಗಂಡ: ಈಗ ಸೊಂಟ.

ಆಕೆ ಬಟ್ಟೆಯನ್ನು ಬಿಸಾಕಿ ಪಕ್ಕದಲ್ಲಿ ಕುಕ್ಕರಿಸಿದಳು.

ಹೆಂಡತಿ: ಹಿಡ್ಕೊಂಡಿದೆಯಾ? ಅಷ್ಟು ಹೊತ್ತಿಂದ ಹೇಳಬಾರದಾ?

ಗಂಡ: ಸ್ವಲ್ಪ ಹಿಡ್ಕೊಂಡಿದೆ.

ಹೆಂಡತಿ: ಸ್ವಲ್ಪ ಅಂದ್ರೆ?

ಗಂಡ: ಕತ್ತು ಆಡುತ್ತೆ. ಕಾಲ್ಬೆರಳು ಆಡುತ್ತೆ. ಮಧ್ಯದ್ದೆಲ್ಲ ಬೇರೆ ಯಾರದ್ದೋ ಅನ್ಸುತ್ತೆ.

ಆಕೆ ಕಂಕುಳಿಗೆ ಕೈ ಕೊಟ್ಟು ಎತ್ತಲು ನೋಡಿದಳು. ಯಜಮಾನರ ಬಾಯಿಂದ ಹೊರಟ ಸ್ವರ ಯಾವ ಸ್ತೋತ್ರದಲ್ಲೂ ಇರಲಿಲ್ಲ. ಓಡಿಹೋಗಿ ಕಪಾಟಿನಿಂದ ನೋವಿನ ಮುಲಾಮಿನ ಡಬ್ಬಿ ತಂದು ಮುಚ್ಚಳ ತಿರುಗಿಸಿದಳು.

ಹೆಂಡತಿ: ಇದರಲ್ಲಿ ವಾಸನೆ ಮಾತ್ರ ಉಳಿದಿದೆ. ಮುಗಿದಿದ್ದನ್ನ ಹೇಳಬಾರದಾ?

ಗಂಡ: ಹೋಗಲಿ ಬಿಡು. ನೋಡು, ಅವನು ಬಂದ್ರೆ ಸೊಂಟ ಅಂತ ಮಾತ್ರ ಹೇಳಬೇಡ.

ಹೆಂಡತಿ: ಹೇಳಿದ್ರೆ ಏನಾಗುತ್ತೆ?

ಗಂಡ: ಹೋದ ವಾರ ಅವನು ಏನಂದ, ಮರೆತೆಯಾ? ಈ ವಯಸ್ಸಿಗೆ ಸಾಷ್ಟಾಂಗ ಹಾಕಿದ್ರೆ ದೇವರಿಗಿಂತ ಮುಂಚೆ ಡಾಕ್ಟರು ಪ್ರಸನ್ನರಾಗ್ತಾರೆ ಅಂದ. ನಾನು ಈಗ ಸೊಂಟ ಅಂದ್ರೆ ಅವನ ಮಾತೇ ಗೆದ್ದ ಹಾಗಾಗಲ್ವಾ?

ಹೆಂಡತಿ: ನೀವೇನು ಕಮ್ಮಿ ಅಂದ್ರಾ? ನಿಮ್ಮ ಸ್ಮರಣೆಗೆ ಗೊರಕೆ ಯಾಕೆ ಬರುತ್ತೆ ಅಂತ ಕೇಳಿದ್ರಿ.

ಗಂಡ: ತಿಳ್ಕೊಳ್ಳೋಕೆ ಕೇಳಿದೆ.

ಹೆಂಡತಿ: ಸರಿ, ಸೊಂಟದ ಸುದ್ದಿ ಎತ್ತಲ್ಲ. ಆದ್ರೆ ಇವತ್ತು ನಾನು ಏನು ಹೇಳಿದ್ರೂ ಹೂಂ ಅನ್ಬೇಕು.

ಗಂಡ: ಏನು ಹೇಳ್ತೀಯ?

ಹೆಂಡತಿ: ಮೊದಲು ಹೂಂ.

ಬಾಗಿಲ ಗಂಟೆ ಸದ್ದು ಮಾಡಿತು.

ಗಂಡ: ಹೂಂ.

ಪ್ರೆಸ್ಸಿನವರು ಕಂಕುಳಲ್ಲಿ ಚರ್ಮದ ಚೀಲ ಇಟ್ಟುಕೊಂಡು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಇಟ್ಟ ಕಾಲನ್ನು ಹಾಗೇ ಹಿಂದಕ್ಕೆ ತೆಗೆದರು. ಹೊಸ್ತಿಲಿಗೆ ಒಂದು ಮೊಳ ದೂರದಲ್ಲಿ, ಅವರ ಹೆಬ್ಬೆರಳಿನ ನೇರಕ್ಕೆ, ಜೋಡಿಸಿದ ಎರಡು ಕೈಗಳಿದ್ದವು. ಅವುಗಳ ಹಿಂದೆ ಒಬ್ಬ ಇಡೀ ಮನುಷ್ಯ.

ಪ್ರೆಸ್ಸಿನವರು: ಇದೇನು ತಾಯಿ ಇದು?

ಹೆಂಡತಿ: ಬನ್ನಿ ಬೀಗರೇ, ಬನ್ನಿ.

ಪ್ರೆಸ್ಸಿನವರು: ಬೀಗರಾಗೋದು ಆಮೇಲಿನ ಮಾತು. ಇವರು ಯಾಕೆ ಹೀಗೆ...

ದೇವರ ಗೂಡಿನ ಕಡೆ ಕೈ ತೋರಿಸಬೇಕೆಂದು ಆಕೆ ಕೈ ಎತ್ತುವಷ್ಟರಲ್ಲಿ ಪ್ರೆಸ್ಸಿನವರ ಮುಖವೇ ಬದಲಾಯಿತು.

ಪ್ರೆಸ್ಸಿನವರು: ಬೇಡ, ಹೇಳಬೇಡಿ. ತಿಳೀತು. ಹೋದ ವಾರದ್ದಕ್ಕೆ ಇಷ್ಟು ದೊಡ್ಡ ಕ್ಷಮೆ ಬೇಕಿರಲಿಲ್ಲ ಯಜಮಾನ್ರೇ. ನಿಂತ್ಕೊಂಡು ಒಂದು ಮಾತು ಅಂದಿದ್ರೂ ಸಾಕಿತ್ತು.

ಗಂಡ: ಕ್ಷಮೆನಾ? ಯಾರು ಯಾರನ್ನ...

ಹೆಂಡತಿ: ಏನ್ರೀ, ಮುಲಾಮು ಅಂದ್ರಾ?

ಯಜಮಾನರೊಳಗೆ ಏನೇನು ನಡೆಯಿತೋ, ಹೊರಗೆ ಎರಡು ಕಿವಿಗಳು ಕೆಂಪಾದದ್ದಷ್ಟೇ ಕಂಡಿತು.

ಗಂಡ: ಹೂಂ. ಕ್ಷಮೆ.

ಪ್ರೆಸ್ಸಿನವರು: ಏಳಿ, ಏಳಿ. ಎಂಥ ದೊಡ್ಡ ಮನಸ್ಸು.

ಗಂಡ: ಇರಲಿ. ಹೀಗೇ ಇರ್ತೀನಿ.

ಪ್ರೆಸ್ಸಿನವರು: ನನ್ನ ಮನಸ್ಸು ಇನ್ನೂ ಕರಗಿಲ್ಲ ಅಂದ್ಕೊಂಡ್ರಾ? ಕರಗಿ ನೀರಾಯ್ತು.

ಗಂಡ: ನಿಮ್ಮ ಮನಸ್ಸು ಕರಗಿದ್ರೆ ಸಾಲದು.

ಪ್ರೆಸ್ಸಿನವರು: ಇನ್ನೇನು ಕರಗಬೇಕು?

ಹೆಂಡತಿ: ಅವರ ಸ್ವಭಾವವೇ ಹಾಗೆ ಬೀಗರೇ. ಒಂದ್ಸಲ ತಗ್ಗಿದ್ರೆ ಮತ್ತೆ ತಲೆ ಎತ್ತೋ ಮಾತೇ ಇಲ್ಲ. ನೀವು ಸೋಫಾದಲ್ಲಿ ಕೂತ್ಕೊಳ್ಳಿ, ಕಾಫಿ ತರ್ತೀನಿ.

ಪ್ರೆಸ್ಸಿನವರು: ಅವರು ನೆಲದಲ್ಲಿ, ನಾನು ಸೋಫಾದಲ್ಲಿ. ನೋಡಿದೋರು ಏನಂತಾರೆ? ಇಷ್ಟು ವಿನಯ ಅವರಿಗಿದ್ರೆ ನನಗೂ ಇದೆ. ನಾನೂ ಒಂದು ಹಾಕೇಬಿಡ್ತೀನಿ.

ಗಂಡ: ಬೇಡ, ಬೇಡ. ನಿಮ್ಮ ದಮ್ಮಯ್ಯ, ಬೇಡ.

ಯಜಮಾನರ ಜನ್ಮದಲ್ಲೇ ಅಷ್ಟು ಕಳಕಳಿಯಿಂದ ಆಡಿದ ಮಾತು ಇನ್ನೊಂದಿರಲಿಲ್ಲ. ಪ್ರೆಸ್ಸಿನವರು ಅದನ್ನು ಬೇರೆಯೇ ರೀತಿಯಲ್ಲಿ ತೆಗೆದುಕೊಂಡರು.

ಪ್ರೆಸ್ಸಿನವರು: ಯಾಕೆ, ಸಾಷ್ಟಾಂಗ ಏನು ನಿಮ್ಮೊಬ್ಬರ ಸ್ವತ್ತಾ? ಶ್ಲೋಕ ನನಗೂ ಬರುತ್ತೆ.

ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು, ಪಂಚೆ ಸರಿಮಾಡಿಕೊಂಡು, ಯಜಮಾನರ ಪಕ್ಕದಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಮಂಡಿಯೂರಿ, ಅವರ ಪಾದಗಳ ಕಡೆಗೆ ಮೈ ಚಾಚಿದರು. ಒಣಕಡ್ಡಿ ಮುರಿದಂಥ ಸದ್ದು ಕೇಳಿತು. ಈಗ ಇವರ ತಲೆಯ ಬಳಿ ಅವರ ಕಾಲು, ಅವರ ತಲೆಯ ಬಳಿ ಇವರ ಕಾಲು.

ಪ್ರೆಸ್ಸಿನವರು: ತಾಯಿ.

ಹೆಂಡತಿ: ಹೇಳಿ.

ಪ್ರೆಸ್ಸಿನವರು: ನಾನು ಇಲ್ಲೇ ಸ್ವಲ್ಪ ಹೊತ್ತು ಸ್ಮರಣೆ ಮಾಡ್ತೀನಿ.

ಗಂಡ: ಎಲ್ಲಿ ಹಿಡ್ಕೊಂಡಿತು?

ಪ್ರೆಸ್ಸಿನವರು: ಹಿಡ್ಕೊಳ್ಳೋದು ಏನು ಬಂತು?

ಗಂಡ: ನನಗೆ ಎಡಗಡೆ.

ಪ್ರೆಸ್ಸಿನವರು ಏಳಲು ಒಮ್ಮೆ ನೋಡಿ, ಮತ್ತೆ ಹಣೆಯನ್ನು ನೆಲಕ್ಕೆ ಇಟ್ಟರು.

ಪ್ರೆಸ್ಸಿನವರು: ನನಗೆ ಬಲಗಡೆ. ಹಾಗಾದ್ರೆ ನೀವು ಕ್ಷಮೆ...

ಗಂಡ: ಎಲ್ಲಿಯ ಕ್ಷಮೆ ಮಾರಾಯ್ರೇ. ದೇವರಿಗೆ ಬಿದ್ದಿದ್ದು. ನೀವು ಅಡ್ಡ ಬಂದ್ರಿ.

ಪ್ರೆಸ್ಸಿನವರು: ಡಾಕ್ಟರ ಮಾತು ನಾನು ಮೊದಲೇ ಹೇಳಿದ್ದೆ.

ಗಂಡ: ಹೇಳಿ ನೀವೇ ಬಂದು ಪಕ್ಕದಲ್ಲಿ ಮಲಗಿದ್ರಲ್ಲ.

ಪ್ರೆಸ್ಸಿನವರು: ನಗಿಸಬೇಡಿ ಯಜಮಾನ್ರೇ. ನಕ್ಕರೆ ಎಳೆಯುತ್ತೆ.

ಹೆಂಡತಿ ಇಬ್ಬರನ್ನೂ ದಾಟಿಕೊಂಡು ಹೋಗಿ ಸೋಫಾದಲ್ಲಿ ಕುಳಿತಳು. ಮದುವೆಯಾದಾಗಿನಿಂದ ಆ ಸೋಫಾದ ನಟ್ಟನಡುವೆ ಆಕೆ ಕುಳಿತದ್ದು ಅದೇ ಮೊದಲು. ಚೀಲ ಬಿಚ್ಚಿ, ಪ್ರೆಸ್ಸಿನವರು ತಂದಿದ್ದ ಲಗ್ನಪತ್ರಿಕೆಯ ಮಾದರಿಯನ್ನು ಹೊರಗೆ ತೆಗೆದು ಓದಿದಳು. ತಲೆಗೆ ಸ್ಮರಣೆಯ ಶ್ಲೋಕ, ಕೆಂಪು ಶಾಯಿಯಲ್ಲಿ. ಅದರ ಕೆಳಗೆ ಪದಗಳ ಅರ್ಥ, ಅದರ ಕೆಳಗೆ ತಾತ್ಪರ್ಯ. ಆಮೇಲೆ ಪ್ರೆಸ್ಸಿನವರ ಹೆಸರು, ಪ್ರೆಸ್ಸಿನ ವಿಳಾಸ, ಫೋನ್ ನಂಬರು, ಎಲ್ಲ ಬಗೆಯ ಮುದ್ರಣಕ್ಕೂ ಸಂಪರ್ಕಿಸಿ ಎಂಬ ಒಂದು ಸಾಲು.

ಹೆಂಡತಿ: ಬೀಗರೇ, ಇದರಲ್ಲಿ ಮದುವೆ ಯಾರಿಗೆ?

ಪ್ರೆಸ್ಸಿನವರು: ಇದೆಂಥ ಪ್ರಶ್ನೆ ತಾಯಿ, ಮಕ್ಕಳಿಗೆ.

ಹೆಂಡತಿ: ಮಕ್ಕಳ ಹೆಸರೇ ಇಲ್ಲ.

ಪ್ರೆಸ್ಸಿನವರು: ಇಲ್ವಾ? ತಾತ್ಪರ್ಯ ಸ್ವಲ್ಪ ಉದ್ದವಾಯ್ತು. ಹಿಂಬದಿ ಖಾಲಿ ಇದೆ, ಅಲ್ಲಿ ಹಾಕೋಣ.

ಗಂಡ: ಅದಕ್ಕೇ ನಾನು ಹೇಳಿದ್ದು. ನನ್ನ ಶ್ಲೋಕ ಚಿಕ್ಕದು. ಅದನ್ನ ಹಾಕಿದ್ರೆ ಜಾಗ...

ಹೆಂಡತಿ: ರೀ.

ಗಂಡ: ಹೂಂ.

ಹೆಂಡತಿ: ನಿಮ್ಮದೂ ಬೇಡ, ಅವರದೂ ಬೇಡ. ತಲೆಗೆ ಮಕ್ಕಳ ಹೆಸರು ಬರಲಿ. ದೊಡ್ಡಕ್ಷರದಲ್ಲಿ.

ಪ್ರೆಸ್ಸಿನವರು: ಶ್ಲೋಕ ಇಲ್ಲದ ಪತ್ರಿಕೆ ನನ್ನ ಪ್ರೆಸ್ಸಿಂದ ಇದುವರೆಗೂ ಆಚೆ ಹೋಗಿಲ್ಲ ತಾಯಿ.

ಹೆಂಡತಿ: ನೀವೂ ಇವತ್ತು ನನ್ನ ಮನೆಯಿಂದ ಆಚೆ ಹೋಗೋ ಹಾಗೆ ಕಾಣಲ್ಲ.

ಪ್ರೆಸ್ಸಿನವರ ಮೂಗು ಯಜಮಾನರ ಹಿಮ್ಮಡಿಗೆ ತಾಗುವಂತಿತ್ತು.

ಹೆಂಡತಿ: ಮಗಳು ಕೆಲಸ ಮುಗಿಸಿ ಔಷಧಿ ಅಂಗಡಿ ದಾಟ್ಕೊಂಡೇ ಬರ್ತಾಳೆ. ನಾನೊಂದು ಫೋನ್ ಮಾಡಿದ್ರೆ ಮುಲಾಮು ಮನೆಗೆ ಬರುತ್ತೆ. ಮಾಡಲಾ?

ಗಂಡ: ಮಾಡು, ಮಾಡು.

ಪ್ರೆಸ್ಸಿನವರು: ಬೇಗ ಮಾಡಿ ತಾಯಿ.

ಹೆಂಡತಿ: ಪತ್ರಿಕೆ?

ಗಂಡ: ನಾನು ಮೊದಲೇ ಹೂಂ ಅಂದಾಗಿದೆ. ಅವರನ್ನ ಕೇಳು.

ಪ್ರೆಸ್ಸಿನವರು: ಅದೇ ಸ್ತೋತ್ರದಲ್ಲಿ ಇನ್ನೊಂದು ಶ್ಲೋಕ ಇದೆ ತಾಯಿ. ನರಳೋರ ಸೇವೆ ಮಾಡೋದೇ ಎಲ್ಲಕ್ಕಿಂತ ಮೇಲು, ಅದರಲ್ಲಿ ಲೆಕ್ಕಾಚಾರ ಇರಬಾರದು ಅಂತ.

ಹೆಂಡತಿ: ಹೋದ ವಾರ ಅದು ಜ್ಞಾಪಕ ಬರಲಿಲ್ವಾ?

ಪ್ರೆಸ್ಸಿನವರು: ಹೋದ ವಾರ ಸೊಂಟ ಸರಿಯಾಗಿತ್ತು.

ಹೆಂಡತಿ ಫೋನನ್ನು ಸೋಫಾದ ತೋಳಿನ ಮೇಲೆ ಇಟ್ಟು, ಪತ್ರಿಕೆಯಿಂದ ಮೆಲ್ಲಗೆ ಗಾಳಿ ಹಾಕಿಕೊಂಡಳು.

ಪ್ರೆಸ್ಸಿನವರು: ಆಯ್ತು. ಮಕ್ಕಳ ಹೆಸರೇ ಮೇಲೆ. ಹೂಂ ಅಂದೆ.

ಹೆಂಡತಿ: ತಾತ್ಪರ್ಯ?

ಪ್ರೆಸ್ಸಿನವರು: ತೆಗೆದೆ ಬೀಗಿತ್ತಿ, ತೆಗೆದೆ.

‘ಬೀಗಿತ್ತಿ’ ಎಂಬ ಆ ಮಾತು ಕಿವಿಗೆ ಬಿದ್ದ ಮೇಲೆಯೇ ಆಕೆ ಫೋನ್ ತೆಗೆದುಕೊಂಡದ್ದು. ಮಗಳು ಆ ಕಡೆ ಕಾದು ಕೂತಿದ್ದಳೆಂದು ಕಾಣುತ್ತದೆ. ಒಂದೇ ರಿಂಗಿಗೆ ಎತ್ತಿದಳು.

ಮಗಳು: ಏನಾಯ್ತಮ್ಮಾ? ಮತ್ತೆ ಜಗಳನಾ?

ಹೆಂಡತಿ: ಇಲ್ಲ ಕಣೇ. ಒಬ್ಬರ ಕಾಲಿಗೆ ಒಬ್ಬರು ಬಿದ್ದಿದ್ದಾರೆ.

ಮಗಳು: ಅಪ್ಪನಾ? ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ.

ಹೆಂಡತಿ: ದೇವರಾಣೆಗೂ ನಿಜ. ನಿಮ್ಮಪ್ಪನೇ ಮೊದಲು ಬಿದ್ದದ್ದು. ಎಷ್ಟು ಹೇಳಿದ್ರೂ ಇಬ್ಬರೂ ಏಳೋದಿಲ್ಲ ಅಂತಿದ್ದಾರೆ.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. ಈ ಕಡೆ ಬೀಗರಿಬ್ಬರೂ ಉಸಿರು ಬಿಗಿಹಿಡಿದು, ಪರಸ್ಪರರ ಪಾದ ನೋಡುತ್ತ ಮಲಗಿದ್ದರು.

ಮಗಳು: ಅವರಿಬ್ಬರನ್ನ ನಾನು ಏನೋ ಅಂದ್ಕೊಂಡಿದ್ದೆ ಅಮ್ಮ. ಬರ್ತಾ ಏನಾದ್ರೂ ಸಿಹಿ ತರ್ಲಾ?

ಹೆಂಡತಿ: ಸಿಹಿ ನಾಳೆಗಾಯ್ತು. ಇವತ್ತು ಸೊಂಟಕ್ಕೆ ಹಚ್ಚೋ ಮುಲಾಮು ತಗೊಂಡು ಬಾ. ಎರಡು ಡಬ್ಬಿ.