ಪ್ರಾಂಗ್‌ಹಾರ್ನ್ ಪಾಠದ ದಿನ

ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವ ಕೆಟ್ಟ ಚಾಳಿ ನನ್ನದು. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಕೊಟ್ಟ ಬಳುವಳಿ. ದೇವರನ್ನೂ ಹವಾಮಾನ ವರದಿಯನ್ನೂ ಬಿಟ್ಟವನಲ್ಲ. ಅನುಮಾನಿಸದೆ ಬಿಟ್ಟದ್ದು ಒಂದನ್ನೇ, ಮೈಸೂರಿನ ಕಾಲೇಜಿನ ನೋಟ್ಸು. ಮೇಷ್ಟ್ರು ಅಲ್ಪವಿರಾಮ ಸಹಿತ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಉರು ಹೊಡೆದು ಪರೀಕ್ಷೆಯಲ್ಲಿ ಅವರಿಗೇ ಹಿಂತಿರುಗಿಸುತ್ತಿದ್ದೆವು.

ದೇಶ ಬಿಟ್ಟು ಪಾಮರ್ಸ್ಟನ್ ನಾರ್ತ್ ಎಂಬ ಹೊರದೇಶದ ಊರಿಗೆ ಬಂದ ಎರಡನೆಯ ವರ್ಷ, ಹತ್ತು ವರ್ಷದ ಮಗಳು ಸ್ನೇಹಾ ಶಾಲೆಯಲ್ಲಿ ಮಾತಾಡಲು ಉತ್ತರ ಅಮೆರಿಕದ ಪ್ರಾಂಗ್‌ಹಾರ್ನನ್ನು ಆರಿಸಿಕೊಂಡಳು. ನೋಡಲು ನಮ್ಮ ಕೃಷ್ಣಮೃಗದ ನೆಂಟನಂತಿರುವ ಪ್ರಾಣಿ. "ಬರ್ಕೊ, ಬೋವಿಡೇ ಕುಟುಂಬ. ಹಸು, ಆಡು ಎಲ್ಲ ಅದರಲ್ಲೇ ಬರೋದು" ಎಂದೆ. ಚಾರ್ಟಿನ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದಳು. ಆಮೇಲೆ ಲೈಬ್ರರಿ ಪುಸ್ತಕ ತೆರೆದು ಹುಬ್ಬುಗಂಟಿಕ್ಕಿದಳು. ಅದರ ಪ್ರಕಾರ ಇದಕ್ಕೆ ಬೇರೆಯೇ ಕುಟುಂಬ. ಆ ಕುಟುಂಬದಲ್ಲಿ ಇಂದು ಉಳಿದಿರುವುದು ಇದೊಂದೇ. ಹಸು ಆಡುಗಳಂತಲ್ಲದೆ ವರ್ಷಕ್ಕೊಮ್ಮೆ ಕೊಂಬಿನ ಹೊರಪದರ ಕಳಚಿಕೊಳ್ಳುತ್ತದೆ.

"ಡ್ಯಾಡ್, ಆರ್ ಯು ಶ್ಯೂರ್? ನಾಳೆ ಎವ್ರಿವನ್ ವಿಲ್ ಲಾಫ್."

"ಮೇಷ್ಟ್ರು ಇದನ್ನ ಬರ್ಸಿದ ಕ್ಲಾಸು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ" ಎಂದೆ. ನಿಜಕ್ಕೂ ಕಟ್ಟಿತ್ತು: ಫಾರ್ಮಲಿನ್ ವಾಸನೆ, ಕಾಲು ಕುಂಟುವ ಬೆಂಚು, ಸೀಮೆಸುಣ್ಣ ಹಿಡಿದ ಕೈಯಲ್ಲೇ ಕನ್ನಡಕ ಸರಿಮಾಡಿಕೊಂಡು ಮೂಗೆಲ್ಲ ಬೆಳ್ಳಗಾದ ಮೇಷ್ಟ್ರು.

"ಬೆಳಿಗ್ಗೆ ಕಾರು ಎಲ್ಲಿ ನಿಲ್ಸಿದ್ರಿ ಅನ್ನೋದೇ ನಿಮಗೆ ನೆನಪಿರಲ್ಲ. ಸುಮ್ನೆ ಶಿವಣ್ಣಂಗೆ ಫೋನ್ ಮಾಡ್ರೀ" ಎಂದಳು ಹೆಂಡತಿ ಸುಧಾ.

ಶಿವಣ್ಣ ನನ್ನ ಸಹಪಾಠಿ. ಮೈಸೂರಿನಲ್ಲೇ ಉಳಿದು ಅದೇ ನೋಟ್ಸಿನಿಂದ ಪಾಠ ಮಾಡುತ್ತಾನೆ. ವಿದೇಶಿ ಕರೆಯ ಕಾಲಿಂಗ್ ಕಾರ್ಡಿನ ನಂಬರು ಕೆರೆದು ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೇಳಿದೆ.

"ಬೇರೆ ಕುಟುಂಬ ಅಂತಾನೇ ಬರ್ಸಿದ್ದು ಕಣೋ."

"ಸುಳ್ಳು. ನಾನೇ ಕೂತು ಬರ್ಕೊಂಡಿದೀನಿ. ಮೇಷ್ಟ್ರ ಮೂಗು ಬೆಳ್ಳಗಾಗಿದ್ದೂ ನೆನಪಿದೆ."

"ಎಲ್ಲಿ ಕೂತು? ಆವತ್ತು ನೀನು ಮ್ಯಾಟಿನಿಗೆ ಹೋಗಿದ್ದೆ. ನಿನ್ನ ಹಾಜರಿ ಕೂಗಿದ್ದು ನಾನು. ಸಾಯಂಕಾಲ ನನ್ನ ನೋಟ್ಸ್ ಕಾಪಿ ಮಾಡೋವಾಗ ಒಂದು ಸಾಲು ಹಾರಿಸಿದೀಯ. ಮೇಷ್ಟ್ರ ಮೂಗಿನ ಕಥೆ ಹೇಳಿದ್ದೂ ನಾನೇ ಮಾರಾಯ!"

ಸ್ನೇಹಾಳ ಮುಖ ಅರಳಿತು. "ಡ್ಯಾಡ್! ಯು ಬಂಕ್ಡ್?"

ಬೋವಿಡೇ ಮೇಲೆ ಬಿಳಿ ಹಾಳೆ ಅಂಟಿಸಿದೆವು. ಈ ಪ್ರಾಣಿ ಅಳಿಯುತ್ತಿದೆಯೇ ಎಂಬ ಪ್ರಶ್ನೆಗೆ ನಾನು ಲೈಬ್ರರಿ ಪುಸ್ತಕವನ್ನೇ ಅವಳ ಮುಂದಕ್ಕೆ ತಳ್ಳಿದೆ. ಪುಸ್ತಕ ನೋಡಿ ಅವಳೇ ಬರೆದಳು: ಒಟ್ಟಾರೆ ಸದ್ಯಕ್ಕೆ ಭಯವಿಲ್ಲ, ಮರುಭೂಮಿಯ ಒಂದೆರಡು ಉಪಜಾತಿಗಳಿಗೆ ಮಾತ್ರ ಅಪಾಯ.

ಮರುದಿನ ಕುಣಿಯುತ್ತ ಬಂದಳು. ಚಾರ್ಟನ್ನು ನೋಡಿ ಯಾರೂ ನಗಲಿಲ್ಲವಂತೆ. ಅಪ್ಪ ಕ್ಲಾಸು ತಪ್ಪಿಸಿದ ಕಥೆಗೆ ಟೀಚರೂ ನಕ್ಕರಂತೆ. ನನಗೆ ಮಾತ್ರ ಆ ಪಾಠದ ದಿನ ಇನ್ನೂ ಮಾಸಿಲ್ಲ. ಹಾಜರಿದ್ದ ಯಾವ ಕ್ಲಾಸೂ ಇಷ್ಟು ಚೆನ್ನಾಗಿ ನೆನಪಿಲ್ಲ.