ಮೇಷ್ಟ್ರ ಬೆಲೆಮ್ನೈಟ್ ನನ್ನ ಹತ್ತಿರ ಇದ್ದಷ್ಟು ದಿನ

ಕಲ್ಲು ಸಾಕಿದವನಿಗೆ ಏನಯ್ಯ ಚಿಂತೆ ಅಂತಾರೆ ಜನ. ಕಲ್ಲು ಹಳಸಲ್ಲ, ಮೇವು ಕೇಳಲ್ಲ, ಹಗ್ಗ ಕಿತ್ತುಕೊಂಡು ಪಕ್ಕದವರ ಗದ್ದೆಗೆ ನುಗ್ಗಲ್ಲ. ನನ್ನ ವಿಷಯದಲ್ಲಿ ಮಾತ್ರ ಕಲ್ಲಿನಿಂದಲೇ ಒಂದಲ್ಲ ಒಂದು ರಾಮಾಯಣ ಆಗ್ತಾನೇ ಇರುತ್ತೆ.

ನನ್ನ ಕೆಲಸ ಬೋರ್‌ವೆಲ್‌ಗೆ ಪಾಯಿಂಟ್ ತೋರಿಸೋದು. ಮನೆ ಮಂಡ್ಯದಲ್ಲಿ, ಮದ್ದೂರು, ಮಳವಳ್ಳಿ ಕಡೆ ಯಾರು ಕರೆದರೂ ನೆಲದಡಿ ನೀರು ಹುಡುಕೋ ಮಿಷನ್ ಹೊತ್ತುಕೊಂಡು ಹೋಗ್ತೀನಿ. ಕಾಲೇಜಲ್ಲಿ ಭೂವಿಜ್ಞಾನ ಓದುವಾಗ ಹತ್ತಿದ ಚಟ ಒಂದಿದೆ, ಬೆಲೆಮ್ನೈಟ್ ಹುಡುಕೋದು. ಹೆಸರು ಕೇಳಿ ಹೆದರಬೇಡಿ. ಕೋಟ್ಯಂತರ ವರ್ಷದ ಹಿಂದೆ ಸಮುದ್ರದಲ್ಲಿ, ಬಾಯಿ ಸುತ್ತ ಕೈಗಳಿದ್ದ ಒಂದು ಮೆತ್ತನೆ ಪ್ರಾಣಿ ಈಜಾಡ್ತಿತ್ತು. ಅದರ ಮೈಯೊಳಗೆ ಒಂದು ಗಟ್ಟಿ ಕಡ್ಡಿ. ಪ್ರಾಣಿ ಸತ್ತು ಮಾಂಸ ಕೊಳೆತು ಹೋಯ್ತು, ಆ ಕಡ್ಡಿ ಕಲ್ಲಾಗಿ ಉಳೀತು. ಬೆರಳುದ್ದ, ಕಂದು ಬಣ್ಣ, ಒಂದು ತುದಿ ಚೂಪು. ಥೇಟ್ ಬಂದೂಕಿನ ಗುಂಡು. ನಮ್ಮ ಜಿಲ್ಲೆಯಲ್ಲಿ ಸಿಗಲ್ಲ, ತಮಿಳುನಾಡಿನ ಅರಿಯಲೂರು ಕಡೆ ಸುಣ್ಣಕಲ್ಲಿನ ನೆಲದಲ್ಲಿ ಆಯ್ದುಕೊಂಡು ಬರಬೇಕು.

ಇದನ್ನ ನನಗೆ ಕಲಿಸಿದ ಮೇಷ್ಟ್ರು ರಿಟೈರಾಗಿ ಮೈಸೂರಲ್ಲಿದ್ದಾರೆ. ಮದುವೆ ಆಗಲಿಲ್ಲ, ಕಲ್ಲುಗಳ ಜೊತೆಯೇ ಸಂಸಾರ. ಅವರ ಹತ್ತಿರ ಒಂದು ಬೆಲೆಮ್ನೈಟ್ ಇತ್ತು, ತುದಿಯಿಂದ ಬುಡದವರೆಗೆ ಒಂದು ಚೂರೂ ಮುಕ್ಕಾಗದ್ದು. ಅಂಥದ್ದು ಬಲು ಅಪರೂಪ. ನಿನ್ನ ಹತ್ತಿರ ಇರೋವನ್ನ ಇದರ ಜೊತೆ ಹೋಲಿಸಿ ನೋಡು ಅಂತ ಕೈಗೆ ಕೊಟ್ಟರು. "ನನ್ನ ಪ್ರಾಣ ಕೊಡ್ತಿದೀನಿ ಕಣಯ್ಯ, ಹೀಗೇ ವಾಪಸ್ ಬರಬೇಕು" ಅಂದರು. ನಾನು ಮೊದಲೇ ಪುಕ್ಕಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ಮನೆಗೆ ವಾಪಸ್ ಬರುವ ಗಿರಾಕಿ. ಆವತ್ತಿಂದ ಊಟ ಸೇರಲಿಲ್ಲ.

ಚೆಕ್‌ಪೋಸ್ಟು

ಮನೇಲಿ ಬಿಟ್ಟರೆ ಕಳೆದುಹೋಗುತ್ತೆ ಅಂತ ಮೇಷ್ಟ್ರ ಕಲ್ಲನ್ನ ಅಂಗಿ ಜೇಬಲ್ಲಿಟ್ಟುಕೊಂಡೇ ಅರಿಯಲೂರಿಗೆ ಹೋದೆ. ವಾಪಸ್ ಬರುವಾಗ ಕೊಳ್ಳೇಗಾಲದಿಂದ ಮಂಡ್ಯ ಬಸ್ಸು. ಎಲೆಕ್ಷನ್ ಟೈಮು. ಮಳವಳ್ಳಿಗೆ ಮುಂಚೆ ಬಸ್ ನಿಲ್ಲಿಸಿ ಎಲ್ಲರ ಬ್ಯಾಗೂ ನೋಡ್ತಿದ್ದರು. ಪೇದೆಯೊಬ್ಬ ನನ್ನ ಬ್ಯಾಗಿಗೆ ಕೈ ಹಾಕಿ ಒಂದು ಹಿಡಿ ಬೆಲೆಮ್ನೈಟ್ ಎತ್ತಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು.

"ಏನ್ರೀ ಇವು?"

"ಕಲ್ಲು ಸಾರ್. ಒಂದು ಪ್ರಾಣಿದು."

"ಪ್ರಾಣಿ ಎಲ್ಲಿ?"

"ಸತ್ತೋಗಿದೆ ಸಾರ್."

"ಯಾವಾಗ ಸತ್ತಿದ್ದು?"

"ನಾನು ಆಗ ಇರಲಿಲ್ಲ ಸಾರ್."

ಗಾಬರಿ ಆದರೆ ನನ್ನ ಬಾಯಿ ಸುಮ್ಮನಿರಲ್ಲ. "ಮಾಂಸ ಎಲ್ಲ ಕೊಳೆತೋಯ್ತು ಸಾರ್, ಇಷ್ಟೇ ಉಳಿದಿರೋದು. ಜೇಬಲ್ಲಿ ಇನ್ನೊಂದಿದೆ, ಅದು ಮಾತ್ರ ನಂದಲ್ಲ" ಅಂತ ಯಾರೂ ಕೇಳದೇ ಇದ್ದದ್ದನ್ನೂ ಹೇಳಿಬಿಟ್ಟೆ.

ಪೇದೆ ನನ್ನನ್ನ ಕೆಳಗಿಳಿಸಿ ಎಸ್.ಐ. ಮುಂದೆ ನಿಲ್ಲಿಸಿದ. ಅಷ್ಟರಲ್ಲಿ ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, "ಸಾರ್, ಅವರು ಬೋರ್‌ವೆಲ್ ಪಾಯಿಂಟ್ ಮಾಡೋರು, ನಮ್ಮ ಚಿಕ್ಕಪ್ಪನ ತೋಟಕ್ಕೂ ಅವರೇ ಮಾಡಿದ್ದು" ಅಂದ. ಎಸ್.ಐ. ಮುಖ ಒಂದೇ ಸಲಕ್ಕೆ ಬದಲಾಯ್ತು. ಗುಂಡುಗಳನ್ನ ಪೇದೆಗೆ ಕೊಟ್ಟು ಬ್ಯಾಗಿಗೆ ವಾಪಸ್ ತುಂಬಿಸಿದರು, ನನಗೆ ಕುರ್ಚಿ ಹಾಕಿಸಿದರು. ಆಮೇಲೂ ಬಸ್ಸು ತುಂಬಾ ಹೊತ್ತು ಅಲ್ಲೇ ನಿಂತಿತ್ತು. ಬೋರ್ ಹಾಕಿಸಬೇಕಿದ್ದ ತಮ್ಮ ಅತ್ತೆ ಮನೆ ಜಮೀನಿನಲ್ಲಿ ಬಂಡೆ ಎಲ್ಲಿದೆ, ಬೇವಿನ ಮರ ಎಲ್ಲಿದೆ ಅಂತ ಎಸ್.ಐ. ಮರಳಲ್ಲಿ ಗೀಚಿ ತೋರಿಸ್ತಿದ್ದರು.

ಮೊನೆ ತೋರಿಸಿದ ಕಡೆ

ಆಮೇಲೆ ಸೋಮನಹಳ್ಳಿ ಹತ್ತಿರ ಒಬ್ಬ ರೈತನ ತೆಂಗಿನ ತೋಟಕ್ಕೆ ಹೋದೆ. ಬಗ್ಗಿ ಮಿಷನ್ನಿನ ವೈರು ಜೋಡಿಸ್ತಿದ್ದೆ. ಜೇಬಿಂದ ಮೇಷ್ಟ್ರ ಕಲ್ಲು ಜಾರಿ ನೆಲಕ್ಕೆ ಬಿತ್ತು. ಕೈ ಚಾಚಿದೆ, ರೈತ ನನ್ನ ಕೈ ಹಿಡಿದುಕೊಂಡ.

"ಮುಟ್ಬೇಡಿ ಸಾ. ತೋರುಸ್ತಾ ಅದೆ."

"ಏನು ತೋರಿಸ್ತಿದೆ?"

"ಮೊನೆ ನೋಡಿ. ಸೀದಾ ಆ ಬದುವಿನ್ ಕಡೀಕ್ ತಿರುಗದೆ. ನೀರು ಅಲ್ಲೇ ಇರಾದು."

ಅದು ನೀರು ತೋರಿಸುವ ಕಲ್ಲಲ್ಲ, ಮುಕ್ಕಾದರೆ ನಮ್ಮ ಮೇಷ್ಟ್ರು ನನ್ನನ್ನ ಉಳಿಸಲ್ಲ, ಬಿಡಪ್ಪ ಅಂತ ಬೇಡಿಕೊಂಡೆ. ಅವನು ಬದುವಿಗೆ ಕೋಲು ನೆಟ್ಟು ಬಂದ ಮೇಲೇ ಕೈ ಬಿಟ್ಟದ್ದು. ನನ್ನ ಮಿಷನ್ನು ತೋರಿಸಿದ್ದು ಇನ್ನೊಂದು ಮೂಲೆ. ಅವನು ಅದನ್ನ ಕಿವಿಗೇ ಹಾಕಿಕೊಳ್ಳದೆ ಬದುವಿನಲ್ಲೇ ಕೊರೆಸಿದ. ನೀರು ಬಂತು. ನೆಲದೊಳಗೆ ನೀರಿರೋ ಬಿರುಕು ಆ ಕಡೆಗೂ ಹರಡಿರಬೇಕು, ಆದರೆ ಅದನ್ನ ಕೇಳೋರ್ಯಾರು. ಸುದ್ದಿ ಸುತ್ತಮುತ್ತ ಹಬ್ಬಿತು. ಈಗ ಫೋನ್ ಮಾಡುವವರೆಲ್ಲ ಒಂದೇ ಮಾತು ಹೇಳ್ತಾರೆ: "ಆ ಮೊನೆ ಕಲ್ಲು ತಕ್ಕೊಂಡ್ ಬನ್ನಿ ಸಾ. ಮಿಸಿನ್ ಯಾಕೆ, ಬಾರ ಹೊರ್ಬೇಡಿ."

ನಮ್ಮೂರಲ್ಲಿಲ್ವಾ?

ಆ ಸುದ್ದಿ ಕೊಕ್ಕರೆ ಬೆಳ್ಳೂರಿಗೂ ಹೋಗಿತ್ತು. ಪಾಯಿಂಟ್ ನೋಡೋಕೆ ಹೋದರೆ ಮರದ ಕೆಳಗಿನ ಜಗುಲಿಯಲ್ಲಿದ್ದ ಯಜಮಾನರೆಲ್ಲ, "ಎಲ್ಲಿ, ಆ ಕಲ್ಲು ತೋರ್ಸಿ" ಅಂತ ಸುತ್ತಿಕೊಂಡರು. ತೋರಿಸೋವರೆಗೂ ಬಿಡಲಿಲ್ಲ. ಮೇಷ್ಟ್ರ ಪ್ರಾಣ ಕೈಯಿಂದ ಕೈಗೆ ಹೋಯ್ತು. ಮರದ ಮೇಲೆ ಕೊಕ್ಕರೆಗಳ ಗೂಡು, ಮೇಲಿಂದ ಏನು ಬೀಳುತ್ತೋ ಹೇಳೋಕಾಗಲ್ಲ. ನಾನು ಒಂದು ಕಣ್ಣು ಮೇಲೆ, ಒಂದು ಕಣ್ಣು ಕಲ್ಲಿನ ಮೇಲೆ ಇಟ್ಟು ಮಾತಾಡ್ತಿದ್ದೆ.

"ಇದು ನಮ್ಮೂರಲ್ಲಿ ಸಿಕ್ಕಲ್ವಾ?" ಅಂತ ಒಬ್ಬರು ಕೇಳಿದರು.

"ಇಲ್ಲ ಯಜಮಾನ್ರೆ. ನಿಮ್ಮ ಬಂಡೆ ಈ ಪ್ರಾಣಿಗಿಂತ ಬಹಳ ಹಳೇದು. ಆಗ ಇಂಥ ಜೀವ ಇನ್ನೂ ಹುಟ್ಟೇ ಇರಲಿಲ್ಲ."

ಅವರ ಮುಖ ಸಣ್ಣದಾಯ್ತು. "ಹಂಗಾರೆ ನಮ್ ಕಲ್ಲೊಳಗೆ ಏನೂ ಇಲ್ಲ ಅನ್ನಿ."

"ಏನೂ ಇಲ್ಲ."

ಕಲ್ಲು ಎಲ್ಲಿ ಅಂತ ನೋಡಿದರೆ ಕೊನೆಯಲ್ಲಿದ್ದ ಅಜ್ಜ ಅದರ ಚೂಪು ತುದಿಯಲ್ಲಿ ಬೆನ್ನು ಕೆರೆದುಕೊಳ್ತಿದ್ದ. ಓಡಿಹೋಗಿ ಈಸಿಕೊಂಡೆ. ಮುಖ ಸಣ್ಣ ಮಾಡಿಕೊಂಡಿದ್ದ ಯಜಮಾನರು ಇನ್ನೂ ಯೋಚನೆ ಮಾಡ್ತಾನೇ ಇದ್ದರು. "ಮಳವಳ್ಳಿ ಕಡೆ ಸಿಕ್ತದಾ?" ಅಂದರು.

"ಅಲ್ಲೂ ಇಲ್ಲ."

"ಬುಡಿ ಮತ್ತೆ," ಅಂತ ನೆಮ್ಮದಿಯಾಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಭದ್ರವಾದ ಜಾಗ

ಇನ್ನು ಜೇಬಲ್ಲಿಟ್ಟುಕೊಂಡು ತಿರುಗಿದರೆ ಕೆಟ್ಟೆ ಅನ್ನಿಸಿತು. ಮನೇಲೇ ಭದ್ರವಾದ ಜಾಗ ಹುಡುಕಿದೆ. ಬೀರು ನನ್ನ ಹೆಂಡತಿ ದಿನಕ್ಕೆ ಹತ್ತು ಸಲ ತೆಗೀತಾಳೆ. ಅಟ್ಟದಲ್ಲಿ ಇಲಿ. ಕೊನೆಗೆ ಹೊಳೆದದ್ದು ಅವ್ವನ ತಗಡಿನ ಡಬ್ಬ. ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಬೇಕಾದ ಬಜೆ, ಜಾಯಿಕಾಯಿ, ಬೇರು ನಾರು ಎಲ್ಲ ಅದರಲ್ಲಿತ್ತು. ಅವ್ವ ಒಬ್ಬಳನ್ನ ಬಿಟ್ಟರೆ ಅದನ್ನ ಮುಟ್ಟೋ ಧೈರ್ಯ ಯಾರಿಗೂ ಇಲ್ಲ. ಹತ್ತಿಯಲ್ಲಿ ಸುತ್ತಿ ತಳಕ್ಕೆ ಇಟ್ಟೆ. ಬಹಳ ದಿನದ ಮೇಲೆ ಹೊಟ್ಟೆ ತುಂಬಾ ಉಂಡೆ.

ಕೆಲವು ವಾರ ಆಗಿರಬೇಕು. ಒಂದು ಬೆಳಿಗ್ಗೆ ಮೇಷ್ಟ್ರು ಫೋನ್ ಮಾಡಿದರು. "ಮಧ್ಯಾಹ್ನ ಬರ್ತೀನಿ. ಕಲ್ಲು ತೆಗೆದಿಡು."

ಡಬ್ಬ ತೆಗೆದೆ. ಹತ್ತಿ ಇತ್ತು, ಕಲ್ಲಿರಲಿಲ್ಲ. ಓಡಿ ನಡುಮನೆಗೆ ಬಂದರೆ ಅವ್ವ ಕಾಲು ಚಾಚಿ ಕೂತು, ಮೊಮ್ಮಗಳ ಕೂಸನ್ನ ಕಾಲ ಮೇಲೆ ಮಲಗಿಸಿಕೊಂಡು, ಸಾಣೆಕಲ್ಲಿನ ಮೇಲೆ ಏನೋ ತೇಯ್ತಿದ್ದಳು. ಅವ್ವನಿಗೆ ಕಣ್ಣಿಗೆ ಪೊರೆ ಬಂದಿದೆ.

"ಏನವ್ವ ಅದು?"

"ಬಜೆ ಕಣ್ಲಾ. ಗಟ್ಟಿ ಬಜೆ. ಯಾವ ಅಂಗ್ಡೀಲಿ ತಂದೆ? ಇದ ತೇದು ನೆಕ್ಸಕ್ ಸುರು ಮಾಡುದ್ಮೇಲೆ ಕೂಸು ಒಟ್ಟೆನೋವು ಅಂತ ಅತ್ತೇ ಇಲ್ಲ."

ಆ ಕ್ಷಣ ಮೇಷ್ಟ್ರೂ ಮರೆತುಹೋದರು. ಕೂಸನ್ನ ಎತ್ತಿಕೊಂಡು ಮಗಳ ಜೊತೆ ಆಟೋ ಹತ್ತಿ ಮಕ್ಕಳ ಡಾಕ್ಟರ ಹತ್ತಿರ ಓಡಿದೆ.

"ಏನು ಕೊಟ್ಟಿದ್ದೀರಿ?" ಅಂದರು ಡಾಕ್ಟರು.

"ಕಲ್ಲಾಗಿರೋ ಪ್ರಾಣಿ. ಸುಣ್ಣದ ಜಾತಿ."

"ಎಷ್ಟು?"

"ಸುಮಾರು ಕಾಲು ಅಂಗುಲ ಆಗಬಹುದು."

"ಉದ್ದದಲ್ಲಿ ಲೆಕ್ಕ ಹೇಳೋ ಔಷಧಿ ಇದೇ ಮೊದಲು ಕೇಳ್ತಿರೋದು" ಅಂತ ಅವರು ಕೂಸನ್ನ ಚೆನ್ನಾಗಿ ನೋಡಿದರು. ಕೂಸು ಅವರ ಕನ್ನಡಕ ಹಿಡಿದು ಎಳೀತು. ಏನೂ ಆಗಿಲ್ಲ, ಒಂದೊಂದು ಸಲಕ್ಕೆ ಹೋಗಿರೋದು ಚಿಟಿಕೆ ಪುಡಿ, ಇನ್ನು ಮೇಲೆ ತಾಯಿ ಹಾಲು ಬಿಟ್ಟು ಬಜೆ ಕೂಡ ನೆಕ್ಕಿಸಬೇಡಿ ಅಂತ ಬೈದು ಕಳಿಸಿದರು. ಆಟೋದಲ್ಲಿ ನಾನೂ ಮಗಳೂ ಇಬ್ಬರೂ ಅತ್ತೆವು. ಮನೆ ಬಾಗಿಲಿಗೆ ಬಂದರೆ ಮೇಷ್ಟ್ರ ಚಪ್ಪಲಿ ಇತ್ತು.

ಕೈಯಲ್ಲಿ ಒಂದು ಬಟ್ಟೆ ಚೀಲ ಹಿಡಿದು ಕೂತಿದ್ದರು. ನಾನು ಉಳಿದ ಕಲ್ಲನ್ನ ಅವರ ಅಂಗೈಯಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿ, ತಲೆ ತಗ್ಗಿಸಿ ನಿಂತೆ. ಚೂಪು ತುದಿ ಪೂರಾ ಸವೆದು ಚಪ್ಪಟೆಯಾಗಿತ್ತು. ಮೇಷ್ಟ್ರು ಕಿಟಕಿ ಹತ್ತಿರ ಹೋಗಿ ಭೂತಗನ್ನಡಿ ಹಿಡಿದು ನೋಡಿದರು, ಮತ್ತೆ ಮತ್ತೆ ನೋಡಿದರು.

"ಬಾ ಇಲ್ಲಿ" ಅಂದರು. ಸವೆದ ಜಾಗ ಕನ್ನಡಿಯ ಹಾಗೆ ನುಣುಪಾಗಿತ್ತು. ಒಳಗೆ ಮರ ಕುಯ್ದಾಗ ಕಾಣೋ ಹಾಗೆ ಜೇನು ಬಣ್ಣದ ಸುತ್ತುಗಳು, ಒಂದರೊಳಗೊಂದು. "ಇದನ್ನ ಕೊಯ್ದು ಒಳಗೆ ನೋಡಬೇಕು ಅಂತ ಎಷ್ಟೋ ವರ್ಷದ ಆಸೆ ಕಣಯ್ಯ. ಒಡೆದುಹೋದರೆ ಅಂತ ಕೈ ಹಾಕಲೇ ಇಲ್ಲ. ನಾನೂ ನಿನ್ನ ಹಾಗೇ ಪುಕ್ಕಲ."

ಮೇಷ್ಟ್ರು ನೇರ ಅವ್ವನ ಮುಂದೆ ಹೋಗಿ ನೆಲದ ಮೇಲೆ ಕೂತರು. ಅದು ಕಲ್ಲು ಅಂದರೆ ನಂಬದ ಅವ್ವ, ಡಾಕ್ಟರು ಬಜೆ ಬೇಡ ಅಂದದ್ದಕ್ಕೆ ಮುಖ ಊದಿಸಿಕೊಂಡಿದ್ದಳು. ಮೇಷ್ಟ್ರು ಬಟ್ಟೆ ಚೀಲ ಬಿಚ್ಚಿ, ನನಗೆ ತೋರಿಸೋಕೆ ಅಂತ ತಂದಿದ್ದ ಬೆಲೆಮ್ನೈಟನ್ನೆಲ್ಲ ಸಾಣೆಕಲ್ಲಿನ ಪಕ್ಕ ಸುರಿದು, "ಅಮ್ಮ, ಇವನ್ನೂ ಹಾಗೇ ತೇಯ್ದುಕೊಡಬೇಕಲ್ಲ" ಅಂತ ಕೈ ಮುಗಿದರು.

ಅವ್ವ ಆ ರಾಶಿಯನ್ನ ಕೈಯಾಡಿಸಿ ನೋಡಿದಳು. ಅವಳ ಮುಖದಲ್ಲಿದ್ದ ಸಿಟ್ಟೆಲ್ಲ ಹೋಗಿ ಕನಿಕರ ಬಂತು. ಮೇಷ್ಟ್ರ ಕೈ ಹಿಡಿದುಕೊಂಡು ಕೇಳಿದಳು:

"ಅಲ್ಲ ಸೋಮಿ, ನಿಮಗೆ ಎಷ್ಟು ಜನ ಮಕ್ಳು?"