ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ ಇಪ್ಪತ್ತು ನಿಮಿಷ

ಲಿಸ್ಬನ್ನಿಗೂ ಮ್ಯಾಡ್ರಿಡ್ಡಿಗೂ ನಡುವೆ ಸುಮಾರು ಐನೂರು ಕಿಲೋಮೀಟರ್. ವಿಮಾನದಲ್ಲಿ ಹೋಗಲು ಎರಡು ಗಂಟೆ ಇಪ್ಪತ್ತು ನಿಮಿಷ ಬೇಕು. ಬರಲು ಇಪ್ಪತ್ತು ನಿಮಿಷ ಸಾಕು. ಯುರೋಪಿನಿಂದ ಬಹುದೂರದ ಈ ಪರದೇಶದಲ್ಲಿ, ಸೆಲೆಟಾರ್‌ನಲ್ಲಿ ವಿಮಾನದ ಬಿಡಿಭಾಗ ರಿಪೇರಿ ಮಾಡುವ ನಮ್ಮ ಕಂಪನಿಯಲ್ಲಿ 2006ರ ಆಗಸ್ಟ್‌ನಿಂದ ಇದು ಅಧಿಕೃತ.

ಇದನ್ನು ಕಂಡುಹಿಡಿದವರು ಪ್ರವಾಸ ಪರಿಶೀಲನಾ ವಿಭಾಗದ ಪದ್ಮಜಾ. ಗುಲ್ಬರ್ಗಾದ ಎಂಜಿನಿಯರ್ ಆನಂದಕುಮಾರ ಲಿಸ್ಬನ್ನಿನಲ್ಲಿ ಉಳಿದುಕೊಂಡು, ಮ್ಯಾಡ್ರಿಡ್‌ಗೆ ಹೋಗಿ ಎಂಜಿನ್ ತಪಾಸಣೆ ಮುಗಿಸಿ ಬಂದು, ಟಿಕೆಟ್‌ಗಳನ್ನು ಒಪ್ಪಿಸಿದ್ದ. ಹೋಗುವಾಗ ಬೆಳಿಗ್ಗೆ ಹತ್ತಕ್ಕೆ ಹೊರಟು ಹನ್ನೆರಡು ಇಪ್ಪತ್ತಕ್ಕೆ ತಲುಪಿದ್ದ. ಬರುವಾಗ ಮರುದಿನ ಮಧ್ಯಾಹ್ನ ಒಂದಕ್ಕೆ ಹೊರಟು ಒಂದು ಇಪ್ಪತ್ತಕ್ಕೆ ಇಳಿದಿದ್ದ. ಅದೇ ದಾರಿಗೆ ಹೋಗುವಾಗ ಎರಡು ಗಂಟೆ ಹೆಚ್ಚಿಗೆ ಹಿಡಿದದ್ದೇಕೆಂದು ಏಳು ದಿನದೊಳಗೆ ವಿವರಣೆ ನೀಡತಕ್ಕದ್ದು ಎಂದು ಮೆಮೊ ಬಂತು. ಅವನ ವರ್ಕ್ ಪಾಸ್, ಅಂದರೆ ಇಲ್ಲಿ ಇರಲು ಬೇಕಾದ ಕೆಲಸದ ಪರವಾನಗಿ, ಮುಂದಿನ ತಿಂಗಳು ಮುಗಿಯುತ್ತಿತ್ತು. ಹೆಂಡತಿ ಶ್ರೀದೇವಿಗೆ ಏಳು ತಿಂಗಳು.

"ಮೇಡಂ, ಎರಡು ಊರಿನ ಗಡಿಯಾರಕ್ಕೆ ಒಂದು ಗಂಟೆ ಡಿಫರೆನ್ಸ್ ಇದೆ. ಹೋಗೋಕೂ ಬರೋಕೂ ಒಂದು ಗಂಟೆ ಇಪ್ಪತ್ತು ನಿಮಿಷಾನೇ."

"ನನಗೆ ಅರ್ಥ ಆಗುತ್ತೆ ಆನಂದ್. ಫಾರ್ಮ್‌ಗೆ ಅರ್ಥ ಆಗಲ್ಲ. ಅದರಲ್ಲಿ ಗಡಿಯಾರಕ್ಕೆ ಕಾಲಂ ಇಲ್ಲ."

"ಒಂದು ಕಾಲಂ ಆ್ಯಡ್ ಮಾಡಬಹುದಲ್ವಾ?"

"ಹೆಡ್ ಆಫೀಸ್ ಅಪ್ರೂವ್ ಮಾಡ್ಬೇಕು. ಎಂಟು ತಿಂಗಳು."

ಮ್ಯಾನೇಜರ್ ದ್ವಾರಕನಾಥ್ ಒಂದು ಸಮಿತಿ ನೇಮಿಸಿದರು. ಸಮಿತಿ ಮೂರು ಸಲ ಸಭೆ ಸೇರಿ, ಸಮಯದ ವ್ಯತ್ಯಾಸವೆಂಬುದು ನೌಕರರ ವೈಯಕ್ತಿಕ ಅಭಿಪ್ರಾಯವೆಂದೂ, ಅವರು ಹೋಗುವಾಗ ವಿಳಂಬಿಸಿರುವುದು ಸಾಬೀತಾಗಿದೆಯೆಂದೂ, ಆದಾಗ್ಯೂ ಬರುವಾಗ ತೋರಿದ ವೇಗ ಶ್ಲಾಘನೀಯವೆಂದೂ ವರದಿ ನೀಡಿತು.

"ಲೇಟ್ ಮಾಡ್ದೆ ಅಂತ ಸೈನ್ ಮಾಡಿಬಿಡಿ," ಎಂದರು ದ್ವಾರಕನಾಥ್, ನಿಜವಾದ ಕಾಳಜಿಯಿಂದಲೇ. "ವಾಪಸ್ ಬಂದಿದ್ದಕ್ಕೆ ಅವಾರ್ಡ್ ಕೊಡಿಸ್ತೀನಿ. ಪಾಸ್ ರಿನ್ಯೂ ಆಗುತ್ತೆ."

ಟೋವಾ ಪಾಯೋ ಬಡಾವಣೆಯ ಮನೆಯಲ್ಲಿ ಶ್ರೀದೇವಿ ಕೇಳಿದಳು: "ಖರೇ ಏನದ ಅದನ್ನ ಬರದು ಕೊಡ್ರಲ್ಲ?"

"ಖರೇದಕ್ಕ ಕಾಲಂ ಇಲ್ಲ."

"ಹಂಗಾದ್ರ ಸಹಿ ಮಾಡ್ರಿ. ಇಲ್ಲೀ ಡಾಕ್ಟರ್‌ನ ಬಿಟ್ಟು ಈಗ ನಾ ಎಲ್ಲಿಗೂ ಬರಂಗಿಲ್ಲ."

ಅವನು ಸಹಿ ಮಾಡಿದ. ಸಹಿ ಎಂದಿನಷ್ಟೇ ಅಂದವಾಗಿ ಬಿತ್ತು, ಅದಕ್ಕೇ ಅವನಿಗೆ ನಾಚಿಕೆಯಾಯಿತು.

ಪಾಸ್ ರಿನ್ಯೂ ಆಯಿತು. ಗಾಜಿನ ಫಲಕವೂ ಬಂತು. ಹಿಂದೆಯೇ ಸುತ್ತೋಲೆ: "ಯುರೋಪಿನಲ್ಲಿ ಇನ್ನು ಮುಂದೆ ಸಾಧ್ಯವಾದಷ್ಟೂ ಬರುವ ಪ್ರಯಾಣವನ್ನೇ ಬುಕ್ ಮಾಡತಕ್ಕದ್ದು. ಹೋಗುವ ಪ್ರಯಾಣಕ್ಕೆ ಪೂರ್ವಾನುಮತಿ ಕಡ್ಡಾಯ."

ಬೇಗ ಬರುವುದು ಹೇಗೆಂದು ಉಳಿದವರಿಗೆ ಕಲಿಸುವ ಹೊಣೆಯೂ ಆನಂದಕುಮಾರನಿಗೇ ಬಿತ್ತು, ಪ್ರತಿ ಶುಕ್ರವಾರ ಮೂರು ಗಂಟೆಗೆ. ಮೊದಲೆರಡು ವಾರ ಅವನು ತಲೆ ತಗ್ಗಿಸಿಕೊಂಡು ಮಾತಾಡಿದ. ಮೂರನೇ ವಾರ, ಹೊಸದಾಗಿ ಸೇರಿದ್ದ ಬದರೀನಾಥ ಕೈ ಎತ್ತಿದ.

"ಸರ್, ಪೈಲಟ್‌ಗೆ ಮೊದಲೇ ಹೇಳಿರಬೇಕಾ?"

"ಬೇಡ," ಎಂದ ಆನಂದಕುಮಾರ. "ಬೆಲ್ಟ್ ಹಾಕ್ಕೊಂಡು ಸ್ವಲ್ಪ ಮುಂದಕ್ಕೆ ಬಾಗಿ ಕೂತ್ರೆ ಸಾಕು."

ಎಲ್ಲರೂ ಬರೆದುಕೊಂಡರು. ಪದ್ಮಜಾ ಅಡಿಗೆರೆಯನ್ನೂ ಎಳೆದರು.